ಕಳೆದು ಬರೆದ ಕೋನ

"ಕೂಡಿ ನೋಡ್ರಿ ಇನ್ಸ್‌ಪೆಕ್ಟ್ರೇ. ಏಳ್ನೇ ಕ್ಲಾಸು ಪಾಸಾಗಿದ್ರೆ ಸಾಕು, ಅದಕ್ಕಿಂತ ಹೆಚ್ಚಿಗೆ ಓದಿರೋದು ಬ್ಯಾಡ."

ಚೌಡೇಶ್ವರಿ ಜಮೀನಿನ ಅಳತೆ ಬರೆದ ಫೀಲ್ಡ್ ಬುಕ್ಕನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಟೀ ಲೋಟ ಅಲುಗಿತು. ಇನ್ಸ್‌ಪೆಕ್ಟರ್ ತಿರುಮಲೇಶ್ ಲೋಟವನ್ನು ಹಿಡಿದುಕೊಂಡ, ಪುಸ್ತಕವನ್ನು ಮುಟ್ಟಲಿಲ್ಲ. ಕಲ್ಯಾಣದುರ್ಗದ ಆ ಸ್ಟೇಷನ್ನಿಗೆ ಹೆಂಗಸರು ಬಂದು ಅಳುವುದು, ಬೈಯುವುದು, ಶಾಪ ಹಾಕುವುದು ಅವನಿಗೆ ರೂಢಿಯಾಗಿತ್ತು. ಲೆಕ್ಕ ಮಾಡು ಎಂದು ಹೇಳಿದವರು ಯಾರೂ ಇರಲಿಲ್ಲ.

ಸರ್ವೇಯರ್ ಜಯರಾಮಪ್ಪನವರು ಸೆಟ್ಟೂರು ಕಡೆಯ ಗುಡ್ಡದ ಮೇಲಿನ ಹಳೇ ಕಲ್ಲುಕ್ವಾರಿಗೆ ಬಿದ್ದು ಸತ್ತು ಅವತ್ತಿಗೆ ಮೂರು ದಿನ. ತಳ್ಳಿದವನು ಅವರ ಜೊತೆ ಅಳತೆಯ ಸರಪಳಿ, ಕೋಲು ಹಿಡಿಯುವ ಚೈನ್‌ಮ್ಯಾನ್ ರಾಮಾಂಜಿನೇಯ ಎಂದು ಹಿಂದಿನ ಸಂಜೆ ಅವನನ್ನು ಹಿಡಿದು ತಂದಿದ್ದರು. ಐದು ಗಂಟೆಗೆ ಕೋರ್ಟಿಗೆ ಹಾಜರುಪಡಿಸಬೇಕು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಹೊರಗೆ ವರಾಂಡದ ಬೆಂಚಿನ ಮೇಲೆ ರಾಮಾಂಜಿನೇಯನ ಹೆಂಡತಿ ಗಂಗುಲಮ್ಮ ಬೆಳಿಗ್ಗೆಯಿಂದ ನೀರೂ ಮುಟ್ಟದೆ ಕೂತಿದ್ದಳು. ಕಂಬದೂರಿನಿಂದ ಮೊದಲನೇ ಬಸ್ಸಿಗೆ ಬಂದವಳು. "ನಮ್ಮೋರು ಕೆರೆ ಕಲ್ಲತ್ರ ಕೋಲಿಡ್ಕೊಂಡು ನಿಂತಿದ್ದೆ ಅಂತವ್ರೆ ಕಣಮ್ಮ. ಅವ್ರು ಸುಳ್ಳಾಡಲ್ಲ" ಎಂದು ಒಂದೇ ಮಾತನ್ನು ಹತ್ತು ಸಲ ಹೇಳಿದ್ದಳು. ಸಂಜೆಯೊಳಗೆ ಗಂಡನನ್ನು ನಿನ್ನ ಜೊತೆ ಕಳಿಸುತ್ತೇನೆ ಎಂದು ಚೌಡೇಶ್ವರಿ ಮಾತು ಕೊಟ್ಟಿದ್ದಳು. ಅವಳು ಯಾರಿಗೂ ಸುಲಭಕ್ಕೆ ಮಾತು ಕೊಡುವ ಪೈಕಿ ಅಲ್ಲ.

ಹಿಂದೂಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಜಮೀನಿನ ನಕ್ಷೆ ಬರೆದುಕೊಡುವ ಅಂಗಡಿ ಅವಳದು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸುಳ್ಳು ನಕ್ಷೆ ಹಿಡಿದುಕೊಟ್ಟಿದ್ದಾಳೋ, ಅಷ್ಟೇ ಜನ ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದರು. ನಕ್ಷೆಯನ್ನು ತಲೆಕೆಳಗು ಹಿಡಿದು ವಾದ ಮಾಡುವ ವಕೀಲರು, ಮೆಷಿನ್ ಹೇಳಿದ್ದೇ ವೇದವಾಕ್ಯ ಎನ್ನುವ ಎಂಜಿನಿಯರುಗಳು, ಬೇಲಿಯನ್ನು ರಾತ್ರೋರಾತ್ರಿ ನಾಲ್ಕು ಅಡಿ ಸರಿಸಿ ಬೆಳಿಗ್ಗೆ ದೇವರ ಮೇಲೆ ಆಣೆ ಇಡುವ ರೈತರು, ಎಲ್ಲರ ಮೇಲೂ ಅವಳಿಗೆ ಒಂದೇ ಸಮನೆ ತಾತ್ಸಾರ. ಪೊಲೀಸರಿಗೆ ಅದರಲ್ಲಿ ಒಂದು ಹಿಡಿ ಹೆಚ್ಚಿಗೆಯೇ ಸಿಗುತ್ತಿತ್ತು.

ತಾತ್ಸಾರದಿಂದ ತಪ್ಪಿಸಿಕೊಂಡ ಮನುಷ್ಯ ಒಬ್ಬರೇ ಒಬ್ಬರು, ಸತ್ತುಹೋದ ಜಯರಾಮಪ್ಪ. ಇಪ್ಪತ್ತು ವರ್ಷ ಅವರು ಅಳೆದು ತಂದದ್ದನ್ನು ಅವಳು ನಕ್ಷೆಗೆ ಇಳಿಸಿದ್ದಳು. ಒಂದು ಗೆರೆಯೂ ಸುಳ್ಳಾಗಿರಲಿಲ್ಲ.

"ಏಂಟಮ್ಮಾ ಇದಿ" ಎಂದು ತೆಲುಗಿನಲ್ಲಿ ಗೊಣಗುತ್ತಾ ತಿರುಮಲೇಶ್ ಕೊನೆಗೂ ಪುಸ್ತಕ ಎಳೆದುಕೊಂಡ. "ಆಂಗಲ್ಸು. ಮೂರಿವೆ. ಐತೇ? ಆದ್ರೇನು?"

"ಐತೇ ಗಿಯಿತೇ ಬ್ಯಾಡ. ಕೂಡಿ."

ಅವನು ಫೋನಿನ ಕ್ಯಾಲ್ಕುಲೇಟರ್ ತೆಗೆದ. ಜಯರಾಮಪ್ಪನವರು ಸತ್ತ ದಿನದ ಅಳತೆ, ನಕ್ಷೆಗೆಂದು ಸೋಲಾರ್ ಕಂಪನಿ ಚೌಡೇಶ್ವರಿಗೆ ಕಳಿಸಿದ್ದ ಪುಸ್ತಕ. ಪುಟದಲ್ಲಿ ಮೂರು ಮೂಲೆಗಲ್ಲುಗಳಿಗೆ ಮೂರು ಸಾಲಿತ್ತು. ಬಾವಿ ಕಲ್ಲು, ೫೮ ಡಿಗ್ರಿ ೧೭ ಮಿನಿಟ್ ೨೦ ಸೆಕೆಂಡ್. ಕೆರೆ ಕಲ್ಲು, ೬೪ ಡಿಗ್ರಿ ೪೧ ಮಿನಿಟ್ ೪೦ ಸೆಕೆಂಡ್. ಗುಡ್ಡದ ಕಲ್ಲು, ೫೭ ಡಿಗ್ರಿ ೧ ಮಿನಿಟ್.

"ನೂರೆಪ್ಪತ್ತೊಂಬತ್ತು ಪಾಯಿಂಟ್ ಐದೊಂಬತ್ತಾರು" ಎಂದ ತಿರುಮಲೇಶ್.

"ಅಯ್ಯೋ ನಿಮ್ಮ! ಅದೇನು ಸೌತೆಕಾಯಿ ತೂಕವೇನ್ರಿ, ಪಾಯಿಂಟ್ ಹಾಕಿ ಕೂಡೋಕೆ? ಅರವತ್ತು ಸೆಕೆಂಡಿಗೆ ಒಂದು ಮಿನಿಟು, ಅರವತ್ತು ಮಿನಿಟಿಗೆ ಒಂದು ಡಿಗ್ರಿ. ಗಡಿಯಾರ ನೋಡೋಕೆ ಬತ್ತದಲ್ಲ, ಹಂಗೇನೇ."

ಇನ್ಸ್‌ಪೆಕ್ಟರನ ಕಿವಿ ಕೆಂಪಾಯಿತು. ಬೆರಳು ಮಡಚಿ ಮತ್ತೆ ಕೂಡಿದ. ಈ ಸಲ ಲೆಕ್ಕ ಸರಿಯಾಗಿ ನೂರೆಂಬತ್ತು ಡಿಗ್ರಿ ಬಂತು. ಒಂದು ಸೆಕೆಂಡ್ ಹೆಚ್ಚಿಲ್ಲ, ಒಂದು ಸೆಕೆಂಡ್ ಕಡಿಮೆಯಿಲ್ಲ.

ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಹರಿಕೃಷ್ಣ ಗಟ್ಟಿಯಾಗಿ ನಕ್ಕ. ಆ ಸೋಲಾರ್ ಕಂಪನಿಯ ಎಂಜಿನಿಯರ್. ವಯಸ್ಸು ಮೂವತ್ತಾರು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಹಣೆಯ ಮೇಲೆ ಕಪ್ಪು ಕನ್ನಡಕ. ಈ ಕೇಸಿನ ಏಕೈಕ ಸಾಕ್ಷಿ ಅವನೇ. ಗುಡ್ಡದ ಕಲ್ಲಿನ ಹತ್ತಿರ ನಿಂತು ಮೂರನೆಯ ಕೋನ ಅಳೆಯುತ್ತಿದ್ದೆ, ನೂರು ಹೆಜ್ಜೆ ಆಚೆ ರಾಮಾಂಜಿನೇಯ ಜಯರಾಮಪ್ಪನವರನ್ನು ಕ್ವಾರಿಗೆ ತಳ್ಳಿದ್ದನ್ನು ಕಣ್ಣಾರೆ ಕಂಡೆ ಎಂದು ಅವನು ಬರೆದುಕೊಟ್ಟಿದ್ದ.

"ಮೇಡಂ, ತ್ರಿಕೋನದ ಮೂರು ಆಂಗಲ್ ಕೂಡಿದ್ರೆ ನೂರೆಂಬತ್ತು ಬರಬೇಕು, ಬಂದದೆ. ಸರಿಯಾಗದೆ ಅನ್ನೋದೇ ನಿಮ್ಮ ಕಂಪ್ಲೇಂಟಾ?"

"ಹೂಂ ಕಣಪ್ಪ. ಸರಿಯಾಗಿರೋದೇ ನನ್ನ ಕಂಪ್ಲೇಂಟು."

ಅವಳು ಚೀಲದಿಂದ ಇನ್ನೂ ಎಂಟು ಫೀಲ್ಡ್ ಬುಕ್ಕುಗಳನ್ನು ತೆಗೆದು ಪೇರಿಸಿದಳು. ಹಿಂದಿನ ರಾತ್ರಿ ಹಿಂದೂಪುರದಲ್ಲಿ ಜಯರಾಮಪ್ಪನವರ ಹೆಂಡತಿ ಶಿವಲಕ್ಷ್ಮಮ್ಮನ ಕೈಯಿಂದ ಟ್ರಂಕ್ ತೆರೆಸಿ ತಂದದ್ದು. ಪ್ರತಿ ಪುಟದ ಕೆಳಗೂ ಕೆಂಪು ಪೆನ್ಸಿಲ್ಲಿನ ಒಂದು ಸುತ್ತು, ಸುತ್ತಿನೊಳಗೆ ಎಷ್ಟು ಹೆಚ್ಚಾಯಿತು, ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ. ಇಪ್ಪತ್ತು ಸೆಕೆಂಡ್ ಕಡಿಮೆ. ನಲವತ್ತು ಸೆಕೆಂಡ್ ಹೆಚ್ಚು. ಒಂದು ಮಿನಿಟ್ ಕಡಿಮೆ.

"ಸ್ಕೂಲಲ್ಲಿ ಮೇಷ್ಟ್ರು ಬೋರ್ಡಿನ ಮ್ಯಾಲೆ ಬರಿಯೋ ತ್ರಿಕೋನ ನೂರೆಂಬತ್ತು ಕಣ್ರಿ. ನೆಲದ ಮ್ಯಾಲಿನ ತ್ರಿಕೋನ ಮನುಷ್ಯರು ಅಳ್ಯೋದು. ಬಿಸಿಲಿಗೆ ಗಾಳಿ ನಡುಗ್ತದೆ, ಕೋನ ಅಳ್ಯೋ ದುರ್ಬೀನಿನ ಕಾಲು ಒಂದು ಕೂದಲೆಳೆ ಇಳೀತದೆ, ಕಣ್ಣು ಮೋಸ ಮಾಡ್ತದೆ. ಮೂರೂ ಮೂಲೆಗೂ ಹೋಗಿ ಬ್ಯಾರೆ ಬ್ಯಾರೆ ಅಳೆದ್ರೆ ಯಾವಾಗ್ಲೂ ಚೂರು ಆ ಕಡೆ ಈ ಕಡೆ ಆಯ್ತದೆ. ಇದರಾಗೆ ಅರವತ್ತೆರಡು ತ್ರಿಕೋನ ಅವೆ. ಪೂರಾ ನೂರೆಂಬತ್ತು ಬಂದಿರೋದು ಎರಡೇ. ಆ ಎರಡನ್ನೂ ಜಯರಾಮಪ್ಪನೋರು ಮಾರನೇ ದಿನ ಹೋಗಿ ಮತ್ತೆ ಅಳೆದವ್ರೆ, ನಂಬಿಕೆ ಬರ್ಲಿಲ್ಲ ಅಂತ."

"ಅವರಿಗೆ ಎರಡು ಸಲ ಬಂದದೆ ಅಂದ್ರೆ ನನಗೆ ಒಂದು ಸಲ ಬರಬಾರದಾ?" ಎಂದ ಹರಿಕೃಷ್ಣ. ಮಾತು ತಪ್ಪಲ್ಲ. ಅದಕ್ಕೇ ಅವಳಿಗೆ ಮೈ ಉರಿಯಿತು.

ಕೆಲಸದ ಕ್ರಮ ಇಡೀ ತಾಲ್ಲೂಕಿಗೆ ಗೊತ್ತಿದ್ದದ್ದೇ. ಉಪಗ್ರಹದ ಮೆಷಿನ್ ಕೊಟ್ಟ ಗಡಿಯನ್ನು ಕಂಪನಿ ಒಪ್ಪಿದರೆ ರೈತರು ಒಪ್ಪುತ್ತಿರಲಿಲ್ಲ, ರೈತರು ಒಪ್ಪಿದರೆ ಕಂಪನಿ ಒಪ್ಪುತ್ತಿರಲಿಲ್ಲ. ಜಯರಾಮಪ್ಪನವರ ಹಳೇ ಹಿತ್ತಾಳೆ ದುರ್ಬೀನಿನ ಅಳತೆ ಎಂದರೆ ಮಾತ್ರ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಅಂಕಿ ಓದುತ್ತಿರಲಿಲ್ಲ. ಮೊದಲೇ ಹೋಗಿ ದೂರದ ಕಲ್ಲಿಗೆ ಬಾವುಟ ಕಟ್ಟಿ ಕಾಯುವರು. ಕಂಪನಿಯವನು ಒಂದೊಂದು ಮೂಲೆಗೂ ದುರ್ಬೀನು ಹೊತ್ತುಕೊಂಡು ಹೋಗಿ, ತಾನೇ ಓದಿ ಬರೆದು, ಕೊನೆಗೆ ಅವರಿದ್ದಲ್ಲಿಗೆ ಬರಬೇಕು. ಆ ದಿನವೂ ಜಯರಾಮಪ್ಪನವರು ಹತ್ತೂವರೆಗೆ ಗುಡ್ಡ ಹತ್ತಿದ್ದರು. ಜೀವಂತ ಇಳಿಯಲಿಲ್ಲ.

ಎರಡು ಕೋನ ಗೊತ್ತಾದ ಮೇಲೆ ಮೂರನೆಯದನ್ನು ನೂರೆಂಬತ್ತರಲ್ಲಿ ಕಳೆದು ಬರೆಯುವ ಚಾಳಿ ಎಲ್ಲಾ ಮೈಗಳ್ಳರಿಗೂ ಗೊತ್ತು. ಜಯರಾಮಪ್ಪನವರಿಗೆ ಅದು ಆಗುತ್ತಿರಲಿಲ್ಲ. ಇಬ್ಬರ ಮಾತು ಕೇಳಿಕೊಂಡು ಮೂರನೆಯವನ ಸಾಕ್ಷಿ ಬರೆದ ಹಾಗೆ ಎಂದು ಬೈಯುತ್ತಿದ್ದರು. ಕಳೆದು ಬರೆದವನ ಜೊತೆ ಮತ್ತೆ ಕೆಲಸಕ್ಕೆ ಹೋಗುತ್ತಿರಲಿಲ್ಲ.

"ಆಯ್ತು, ನಿಂಗೆ ಅದೃಷ್ಟ ಒಲಿದು ಪೂರಾ ನೂರೆಂಬತ್ತು ಬಂತು ಅನ್ನು" ಎಂದಳು ಚೌಡೇಶ್ವರಿ, ಧ್ವನಿ ಇಳಿಸಿ. ಅವಳ ಧ್ವನಿ ಇಳಿದರೆ ಹಿಂದೂಪುರದವರು ಎಚ್ಚರವಾಗುತ್ತಿದ್ದರು. ಹರಿಕೃಷ್ಣನಿಗೆ ಆ ಅಭ್ಯಾಸವಿರಲಿಲ್ಲ. "ಗುಡ್ಡದ ಕಲ್ಲತ್ರ ದುರ್ಬೀನು ಹೂಡಿದೆ. ಒಂದು ಕಡೆ ಬಾವಿ ಕಲ್ಲು ಹಿಡಿದೆ. ಇನ್ನೊಂದು ಕಡೆ?"

"ಕೆರೆ ಕಲ್ಲು."

"ಕೆರೆ ಕಲ್ಲಲ್ಲಿ ಯಾವುದಕ್ಕೆ ಹಿಡಿದೆ? ಅಲ್ಲಿ ಕೋಲು ಹಿಡ್ಕೊಂಡು ನಿಂತ್ಕೋಬೇಕಾಗಿದ್ದೋನು ರಾಮಾಂಜಿನೇಯ. ಅವ್ನು ಗುಡ್ಡದ ಮ್ಯಾಲೆ ಕೊಲೆ ಮಾಡ್ತಾ ಅವ್ನೆ ಅಂತ ನೀನೇ ಹೇಳಿದ್ದೀಯ."

ಹರಿಕೃಷ್ಣ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕಲ್ಲಿಗೇ ಹಿಡಿದೆ. ಸುಣ್ಣ ಬಳಿದಿದ್ರಲ್ಲ. ಬೆಳ್ಳಗೆ ಕಾಣ್ತಿತ್ತು."

"ಬರ್ಕೊಳ್ಳಿ ಇನ್ಸ್‌ಪೆಕ್ಟ್ರೇ. ಬೆಳ್ಳಗೆ ಕಾಣ್ತಿತ್ತಂತೆ."

ತಿರುಮಲೇಶ್ ಬರೆದುಕೊಂಡ. ಅವಳು ತನ್ನ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಬೆಳಿಗ್ಗೆ ಹಿಂದೂಪುರದಿಂದ ಪೆನುಕೊಂಡದ ಮೇಲೆ ಬಸ್ಸಿನಲ್ಲಿ ಬಂದವಳು ನೇರ ಸ್ಟೇಷನ್ನಿಗೆ ಬಂದಿರಲಿಲ್ಲ. ಸೆಟ್ಟೂರಿಗೆ ಆಟೋ ಮಾಡಿಕೊಂಡು ಹೋಗಿ, ಐವತ್ತೆರಡು ವಯಸ್ಸಿನ ಮಂಡಿಗಳನ್ನು ಶಪಿಸುತ್ತಾ ಗುಡ್ಡ ಹತ್ತಿದ್ದಳು. ಗುಡ್ಡದ ಕಲ್ಲಿನ ಪಕ್ಕ ಕೂತು ಕೆರೆಯ ಕಡೆಗೆ ತೆಗೆದ ಫೋಟೋ ಅದು. ಫೋಟೋದಲ್ಲಿ ಕೆರೆಯೂ ಇರಲಿಲ್ಲ, ಸುಣ್ಣದ ಕಲ್ಲೂ ಇರಲಿಲ್ಲ. ಕ್ವಾರಿಯವರು ವರ್ಷಗಟ್ಟಲೆ ಸುರಿದ ಒಡಕು ಬಂಡೆಗಳ ರಾಶಿ ಆ ದಿಕ್ಕನ್ನೆಲ್ಲಾ ಮುಚ್ಚಿತ್ತು.

"ಇದೇನು?" ಎಂದ ತಿರುಮಲೇಶ್.

"ಗುಡ್ಡದ ಕಲ್ಲತ್ರ ನಿಂತ್ರೆ ಕಾಣೋದು ಇಷ್ಟೇ. ಅದಕ್ಕೇ ಜಯರಾಮಪ್ಪನೋರು ಎರಡಾಳು ಉದ್ದದ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ ಗುಡ್ಡದ ಕಲ್ಲತ್ರ ನೆಟ್ಟಿದ್ದು. ಕೆಳಗಿಂದ ನೋಡಿದ್ರೆ ಆ ಬಟ್ಟೆ ರಾಶಿ ಮ್ಯಾಲೆ ಕಾಣ್ತದೆ. ಮ್ಯಾಲಿಂದ ಕೆಳಗಿನ ಕಲ್ಲು ಕಾಣಾಕಿಲ್ಲ. ಈ ವಯ್ಯ ಕೆಳಗೆ ನಿಂತು ಬಟ್ಟೆ ಕಂಡ, ಮ್ಯಾಲಿಂದಾನೂ ಹಂಗೇ ಕಾಣ್ತದೆ ಅಂದ್ಕೊಂಡ. ಹತ್ತಿದ್ರೆ ತಾನೇ ಗೊತ್ತಾಗೋದು!"

ಹರಿಕೃಷ್ಣ ಕಾಲ ಮೇಲಿನ ಕಾಲು ಇಳಿಸಿದ. ಹಣೆಯ ಕನ್ನಡಕ ತೆಗೆದು ಜೇಬಿಗಿಟ್ಟ, ಮತ್ತೆ ತೆಗೆದ.

"ನಿಮ್ಮ ಮೆಷಿನ್ನೋರಿಗೆ ಇದೊಂದು ರೋಗ" ಎಂದಳು ಅವಳು. "ಭೂಮಿ ಮ್ಯಾಲೆ ಕಾಲಿಡಬಾರ್ದು, ಬೂಟಿಗೆ ಧೂಳಾಗಬಾರ್ದು, ಪೇಪರ್ ಮ್ಯಾಲೆ ಮಾತ್ರ ಎಲ್ಲಾ ಸರಿ ಬರಬೇಕು. ಗುಡ್ಡಾನೇ ಹತ್ತದೋನು ಗುಡ್ಡದ ಮ್ಯಾಲೆ ಕೊಲೆ ನೋಡಿದ್ದು ಹೆಂಗಪ್ಪ? ಅದನ್ನೂ ನೂರೆಂಬತ್ತರಲ್ಲಿ ಕಳೆದ್ಯಾ?"

ತಿರುಮಲೇಶ್ ಪೆನ್ನು ಕೆಳಗಿಟ್ಟ. "ಹರಿಕೃಷ್ಣಗಾರೂ, ಚೆಪ್ಪಂಡಿ, ಹೇಳಿ. ಹತ್ತಿದ್ರಾ, ಇಲ್ವಾ?"

ಹರಿಕೃಷ್ಣ ತಲೆ ಅಲ್ಲಾಡಿಸಿದ. "ಇಲ್ಲ ಸಾರ್."

"ಎಲ್ಲಿದ್ರಿ?"

"ಕೆಳಗೆ. ಕಾರಲ್ಲಿ. ಎ.ಸಿ. ಹಾಕ್ಕೊಂಡು ಕೂತಿದ್ದೆ. ಹನ್ನೆರಡು ಗಂಟೇಲಿ ರಾಮಾಂಜಿನೇಯ ಗುಡ್ಡದ ದಾರೀಲಿ ಓಡಿ ಬರೋದು ಕಂಡೆ. ಆಮೇಲೆ ಹೆಣ ಸಿಕ್ತು. ಅವನೇ ತಳ್ಳಿರಬೇಕು ಅಂತ..."

"ಇರಬೇಕು ಅಂತ!" ಚೌಡೇಶ್ವರಿಗೆ ಕೂತಲ್ಲಿ ಕೂರಲಾಗಲಿಲ್ಲ. "ಕಾರಲ್ಲಿ ಕೂತಿದ್ದೋನು ಓಡಿ ಬಂದ ಅಂತ ಈಗ ಹೇಳ್ತೀಯ, ನಿನ್ನೆ ತಳ್ಳಿದ್ದು ಕಂಡೆ ಅಂದೆ, ನಾಳೆ ಇನ್ನೇನು ಕಾಣ್ತೀಯೋ! ಗುಡ್ಡ ಹತ್ತಿಲ್ಲ ಅಂದ್ರೆ ಕಂಪನಿಯೋರು ಮನೆಗೆ ಕಳಿಸ್ತಾರೆ ಅನ್ನೋ ಭಯಕ್ಕೆ ಒಬ್ಬನ ಕೊರಳಿಗೆ ಹಗ್ಗ ಹಾಕೋಕೆ ಹೊರಟೆಯಲ್ಲೋ. ಥೂ!"

ಇನ್ಸ್‌ಪೆಕ್ಟರ್ ಹೇಳಿಕೆಯ ಕಾಗದವನ್ನು ಕೈಯಲ್ಲಿ ಹಿಡಿದು ಉದ್ದಕ್ಕೆ ಉಸಿರು ಬಿಟ್ಟ. ಇಡೀ ಕೇಸು ಆ ಒಂದು ಹಾಳೆಯ ಮೇಲೆ ನಿಂತಿತ್ತು. "ಅಯಿಪೋಯಿಂದಿ, ಮುಗೀತು" ಎಂದ, ತನಗೆ ತಾನೇ. "ಸರ್ಲೇಮ್ಮಾ. ನಿಮ್ಮ ಮನುಷ್ಯನ್ನ ಕೋರ್ಟಿಗೆ ಕಳಿಸೋಕೆ ನನ್ನ ಹತ್ರ ಈಗ ಏನೂ ಇಲ್ಲ. ಸೈನ್ ಹಾಕಿಸ್ಕೊಂಡು ಬಿಡ್ತೀನಿ."

ಕಿಟಕಿಯಾಚೆ ಗಂಗುಲಮ್ಮನ ಸೆರಗಿನ ತುದಿ ಕಾಣುತ್ತಿತ್ತು. ಚೌಡೇಶ್ವರಿಗೆ ಸಂತೋಷವಾಯಿತು. ಅಪರೂಪಕ್ಕೆ ಆಗುವ ಸಂತೋಷ, ಹಾಗಾಗಿ ಅದನ್ನು ಅನುಭವಿಸುವ ರೀತಿ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ಆ ಹೆಂಗಸಿಗೆ ಒಂದು ಲೋಟ ಟೀ ಕುಡಿಸಿದ್ದರೆ ಮುಗಿಯುತ್ತಿತ್ತು. ಅವಳು ಹೋಗಲಿಲ್ಲ. ಬಿದ್ದವನಿಗೆ ಇನ್ನೊಂದು ಒದೆ ಕೊಡದೆ ಎದ್ದು ಹೋಗುವ ಗುಣ ಅವಳಿಗೆ ದೇವರು ಕೊಟ್ಟಿರಲಿಲ್ಲ.

"ಸೋಂಬೇರಿ ನನ್ಮಗ" ಎಂದಳು ಬಾಗಿಲ ಹತ್ತಿರ ನಿಂತು. "ಇನ್ನೂರು ಅಡಿ ಗುಡ್ಡ. ಎಪ್ಪತ್ತು ದಾಟಿದ ಮುದುಕ, ಕಣ್ಣು ಕಾಣದೋನು, ಬಿದಿರು ಹೊತ್ಕೊಂಡು ಹತ್ತಿದ್ರು. ನಿಂಗೆ ಆಗ್ಲಿಲ್ಲ."

ಹರಿಕೃಷ್ಣನ ಮುಖಕ್ಕೆ ರಕ್ತ ನುಗ್ಗಿತು. ಸುಳ್ಳುಗಾರ ಎಂದಾಗ ತಲೆ ತಗ್ಗಿಸಿದ್ದವನು ಸೋಂಬೇರಿ ಎಂದಾಗ ತಲೆ ಎತ್ತಿದ.

"ನಾನು ಸೋಂಬೇರಿ ಅಲ್ಲ. ದುರ್ಬೀನು ಹೆಗಲ ಮೇಲೆ ಇಟ್ಕೊಂಡು ಅರ್ಧ ಗುಡ್ಡ ಹತ್ತಿದ್ದೆ. ಬರಬ್ಯಾಡ ಅಂದ್ರು, ವಾಪಸ್ ಬಂದ್ಬುಟ್ಟೆ."

"ಬರಬ್ಯಾಡ ಅಂದ್ರಂತೆ! ಯಾರು, ಗುಡ್ಡದ ದೇವ್ರಾ?"

"ಮೇಡಂ, ಬಿಡಿ. ನಾನು ತಪ್ಪು ಒಪ್ಕೊಂಡಿದ್ದೀನಿ. ಇದೊಂದು ಆಚೆ ಬಂದ್ರೆ ಫೀಲ್ಡ್ ಬುಕ್ಕಿನ ಸುಳ್ಳೂ ಆಚೆ ಬತ್ತದೆ ಅಂತ ಮುಚ್ಚಿಟ್ಟಿದ್ದೆ. ಈಗ ಅದು ಹೆಂಗೂ ಬಂತಲ್ಲ. ಬಿಟ್ಬುಡಿ."

ತಿರುಮಲೇಶ್ ಬೇಡವೆಂಬಂತೆ ಕೈ ಆಡಿಸಿದ. ಅವನಿಗೆ ಸಾಕಾಗಿತ್ತು. ಚೌಡೇಶ್ವರಿಗೆ ಸಾಕಾಗಿರಲಿಲ್ಲ.

"ಸುಳ್ಳು ಮುಗೀತಾ ಬಂತು, ಹೊಸಾದೊಂದು ಹುಟ್ಟಿಸ್ತಾವ್ನೆ. ಯಾರೋ ಅಂದ್ರಂತೆ. ಎಲ್ಲಿ ತೋರ್ಸು ನೋಡೋಣ."

ಹರಿಕೃಷ್ಣ ಅವಳನ್ನೇ ನೋಡಿದ. ಆ ನೋಟದಲ್ಲಿ ಭಯ ಇರಲಿಲ್ಲ, ಅವಳಿಂದಲೇ ಆಗತಾನೇ ಕಲಿತಂಥ ತಾತ್ಸಾರ ಇತ್ತು. ಫೋನ್ ತೆಗೆದು, ಬೆರಳಲ್ಲಿ ಸರಿಸಿ ಸರಿಸಿ ಮೂರು ದಿನ ಹಿಂದಕ್ಕೆ ಹೋಗಿ, ಮೇಜಿನ ನಡುವೆ ಇಟ್ಟ. ಒಂದು ಧ್ವನಿಸಂದೇಶ. ಕಳಿಸಿದವನ ಹೆಸರು ರಾಮಾಂಜಿನೇಯ. ಹೊತ್ತು, ಹನ್ನೊಂದು ಇಪ್ಪತ್ತು.

ಒತ್ತಿದ.

ಮೊದಲು ಬರೀ ಗಾಳಿಯ ಸದ್ದು. ಆಮೇಲೆ ರಾಮಾಂಜಿನೇಯನ ಧ್ವನಿ, ಏದುಸಿರು ಬಿಡುತ್ತಾ.

"ಸಾರ್, ನೀವು ಮ್ಯಾಕೆ ಬರಬ್ಯಾಡ್ರಿ. ಎಲ್ಡು ಆಂಗಲ್ ಸಿಕ್ಕವಲ್ಲ, ಮೂರನೇದು ಕಳೆದು ಬರ್ಕೊಳ್ಳಿ. ಇಲ್ಲಿ ಬಿಸ್ಲು ಜಾಸ್ತಿ ಐತೆ. ಯಾರ್ಗೂ ಹೇಳಾಕಿಲ್ಲ ನಾವು."

ಅಷ್ಟಕ್ಕೆ ಸಂದೇಶ ಮುಗಿಯಲಿಲ್ಲ. ಫೋನ್ ಆರಿಸುವುದನ್ನು ಅವನು ಮರೆತಿರಬೇಕು. ಪಕ್ಕದಲ್ಲೇ ಇನ್ನೊಂದು ಧ್ವನಿ ಕೇಳಿತು. ವಯಸ್ಸಾದ, ಸ್ವಲ್ಪ ಒಡೆದ ಧ್ವನಿ. ಇಪ್ಪತ್ತು ವರ್ಷ ಚೌಡೇಶ್ವರಿಯ ಮೇಜಿನ ಎದುರು ಕೂತು ಡಿಗ್ರಿ ಮಿನಿಟುಗಳನ್ನು ಒಂದೊಂದಾಗಿ ಹೇಳಿದ ಧ್ವನಿ.

"ಹೇಳಿದ್ಯೇನ್ಲಾ? ಕಳೆದು ಬರ್ಕೋ ಅಂದ್ಯಾ? ಅವ್ನು ಬಂದ್ಬುಟ್ರೆ ಕೆಲ್ಸ ಕೆಟ್ಟೋಯ್ತದೆ. ನೀನು ಇಲ್ಲೇ ಇರು, ಎಲ್ಲೂ ಹೋಗಬ್ಯಾಡ."

ಸದ್ದು ನಿಂತಿತು.

ಚೌಡೇಶ್ವರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅರವತ್ತೆರಡು ತ್ರಿಕೋನಗಳಲ್ಲಿ ಒಂದನ್ನೂ ಕಳೆದು ಬರೆಯದ ಮನುಷ್ಯ, ಕಳೆದು ಬರ್ಕೋ ಎಂದು ಹೇಳಿಸಿದ್ದ. ಯಾಕೆ? ಗುಡ್ಡದ ಮೇಲೆ ಹರಿಕೃಷ್ಣನ ಕಣ್ಣಿಗೆ ಬೀಳಬಾರದಂಥ ಕೆಲಸ ಏನಿತ್ತು? ಅವಳಿಗೆ ಒಂದೂ ತೋಚಲಿಲ್ಲ. ಆದರೆ ಇನ್ನೊಂದು ವಿಷಯ ಹಗಲಿನಷ್ಟು ನಿಚ್ಚಳವಾಗಿತ್ತು. ಹನ್ನೊಂದು ಇಪ್ಪತ್ತಕ್ಕೆ ರಾಮಾಂಜಿನೇಯ ಕೆರೆ ಕಲ್ಲಿನ ಹತ್ತಿರ ಇರಲಿಲ್ಲ. ಗುಡ್ಡದ ಮೇಲೆ, ಸಾಯುವವರ ಪಕ್ಕದಲ್ಲಿ ನಿಂತಿದ್ದ. ಒಬ್ಬ ಸುಳ್ಳುಸಾಕ್ಷಿಯ ಬಾಯಿ ಮುಚ್ಚಿಸಲು ಬಂದವಳು ಅವನ ಜೇಬಿನಿಂದ ನಿಜವಾದ ಸಾಕ್ಷಿಯನ್ನು ಕೈಯಾರೆ ಎಳೆದು ಹಾಕಿದ್ದಳು.

ತಿರುಮಲೇಶ್ ಫೋನನ್ನು ತನ್ನ ಕಡೆಗೆ ಎಳೆದುಕೊಂಡ. ಮೇಜಿನ ಖಾನೆಯಿಂದ ಹೊಸ ಹಾಳೆ ತೆಗೆದ. ಗಡಿಯಾರ ನೋಡಿದ. ನಾಲ್ಕೂ ಹತ್ತು. ಐದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅಷ್ಟರಲ್ಲಿ ವರಾಂಡದಿಂದ ಓಡಿ ಬರುವ ಹೆಜ್ಜೆ ಸದ್ದಾಯಿತು. ಗಂಗುಲಮ್ಮ ಚೌಡೇಶ್ವರಿಯನ್ನು ಸರಿಸಿಕೊಂಡು ಒಳಗೆ ನುಗ್ಗಿ, ಕೋಣೆಯ ಮೂಲೆಮೂಲೆಯಲ್ಲೂ ಕಣ್ಣಾಡಿಸಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಅರಳಿತ್ತು.

"ನಮ್ಮೋರ ದನಿ ಕೇಳಿಸ್ತಲ್ಲ ಕಣಮ್ಮ! ಕರ್ಕೊಂಡು ಬಂದ್ರಾ? ನೀನು ಹೇಳಿದಂಗೇ ಮಾಡ್ಬುಟ್ಟೆ ಕಣವ್ವಾ. ಎಲ್ಲವ್ರೆ ಅವ್ರು?"